ಖಾಲಿಯಾದ ಪಟ್ಟಣ, ಹೊಸ ರಾಜಧಾನಿ: ದಿವಾನ್ ಪೂರ್ಣಯ್ಯ

ಶ್ರೀರಂಗಪಟ್ಟಣ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಟಿಪ್ಪು, ರಂಗನಾಥಸ್ವಾಮಿ ದೇವಸ್ಥಾನ, ನಿಮಿಷಾಂಬ, ಆಮೇಲೆ ಸಂಗಮ. ಪೂರ್ಣಯ್ಯ ಅನ್ನೋ ಹೆಸರು ಕ್ವಿಜ್‌ನಲ್ಲಿ ಎರಡು ಮಾರ್ಕಿಗೆ ಬಂದು ಹೋಗುತ್ತೆ, ಅಷ್ಟೇ. ಆದರೆ ಒಂದು ರಾಜಧಾನಿ ಖಾಲಿಯಾಗಿ ಇನ್ನೊಂದು ರಾಜಧಾನಿ ಎದ್ದು ನಿಂತ ಹೊತ್ತಿನಲ್ಲಿ ಆಡಳಿತ ಇದ್ದದ್ದು ಇವರ ಕೈಯಲ್ಲೇ. ವಸತಿ ನೀತಿ, ನಗರ ನವೀಕರಣ ಅಂತ ನಾವು ಇವತ್ತು ಚರ್ಚೆ ಮಾಡೋ ಸಮಸ್ಯೆಗಳನ್ನು ಆ ಪದಗಳೇ ಇಲ್ಲದ ಕಾಲದಲ್ಲಿ ಅವರು ಎದುರಿಸಿದ್ದರು.

ಅಂಗಡಿ ಲೆಕ್ಕದಿಂದ ಖಜಾನೆ ಲೆಕ್ಕಕ್ಕೆ

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯ ಒಂದು ಬಡ ಕುಟುಂಬದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹೊಟ್ಟೆಪಾಡಿಗಾಗಿ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಂದು, ಹೈದರ್ ಅಲಿಯ ಸೈನ್ಯಕ್ಕೆ ಸಾಮಾನು ಒದಗಿಸುತ್ತಿದ್ದ ವ್ಯಾಪಾರಿಯ ಹತ್ತಿರ ಕೆಲಸ ಮಾಡಿದರು. ಹುಡುಗನ ಲೆಕ್ಕದ ಚುರುಕು ಹೈದರನ ಕಣ್ಣಿಗೆ ಬಿತ್ತು, ಸರ್ಕಾರದ ಕೆಲಸ ಸಿಕ್ಕಿತು. 1782ರ ಡಿಸೆಂಬರ್‌ನಲ್ಲಿ ಹೈದರ್ ಯುದ್ಧದ ಶಿಬಿರದಲ್ಲಿ ತೀರಿಕೊಂಡಾಗ ಟಿಪ್ಪು ದೂರದ ಮಲಬಾರ್ ಕಡೆ ಇದ್ದ. ಅವನು ಬಂದು ಸೇರುವವರೆಗೂ ಸಾವಿನ ಸುದ್ದಿಯನ್ನು ಮುಚ್ಚಿಟ್ಟು ಸೈನ್ಯ ಚೆದುರದಂತೆ ನೋಡಿಕೊಂಡವರಲ್ಲಿ ಪೂರ್ಣಯ್ಯ ಮುಖ್ಯರು. ಮುಂದೆ ಟಿಪ್ಪುವಿನ ಕಾಲದಲ್ಲೂ ಹಣಕಾಸು ಅವರದೇ ಜವಾಬ್ದಾರಿ.

ಜನರನ್ನು ತಂದು ಕಟ್ಟಿದ ಊರು

ಆಗ ಶ್ರೀರಂಗಪಟ್ಟಣ ದೊಡ್ಡ ನಗರ. ಟಿಪ್ಪು ಗಂಜಾಂ ಪೇಟೆಯನ್ನು ಕೈಗಾರಿಕೆಯ ಜಾಗವಾಗಿ ಬೆಳೆಸೋಕೆ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತಂದ ಅಂತ ಗೆಜೆಟಿಯರ್ ದಾಖಲಿಸಿದೆ. ಮೈಸೂರಿನ ಹಳೇ ಕೋಟೆಯನ್ನು ಕೆಡವಿ, ಆ ಕಲ್ಲುಗಳಿಂದ ಪಕ್ಕದಲ್ಲೇ ನಜರ್‌ಬಾದ್ ಕಟ್ಟೋಕೆ ಶುರು ಮಾಡಿದ್ದೂ ಅವನೇ. ಆದರೆ ಅಪ್ಪಣೆಯಿಂದ ತುಂಬಿದ ಊರು, ಅಪ್ಪಣೆ ಕೊಡುವವನು ಹೋದಮೇಲೆ ಉಳಿಯುತ್ತಾ?

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟ ಲೆಕ್ಕ ನೋಡಿ: ಕೋಟೆಯೊಳಗೆ 4,163 ಮನೆ, ಗಂಜಾಂನಲ್ಲಿ 2,216 ಮನೆ. ಮನೆಗೆ 5 ಜನ ಅಂತ ಹಿಡಿದರೆ 31,895 ಜನ. ಟಿಪ್ಪುವಿನ ಕಾಲದಲ್ಲಿ ಕನಿಷ್ಠ 1,50,000 ಜನ ಇದ್ದಿರಬೇಕು ಅನ್ನೋದು ಅವನ ಅಂದಾಜು. ಅಂದಾಜನ್ನು ಸ್ವಲ್ಪ ಕಡಿಮೆ ಮಾಡಿಕೊಂಡರೂ ಬಹುಪಾಲು ಊರು ಖಾಲಿ. ಮನೆಗಳ ಕೊರತೆಯಿಂದ ಹೀಗಾಗಲಿಲ್ಲ. ಅರಮನೆ, ಸೈನ್ಯ, ಕಾರ್ಖಾನೆಗಳನ್ನು ನಂಬಿದ್ದ ಕೆಲಸ ಹೋಯ್ತು, ಹಿಂದೆಯೇ ಜನರೂ ಹೋದರು.

ಹೊಸ ರಾಜಧಾನಿ

1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕ ಆಯಿತು. ಸರಿಯಾದ ಅರಮನೆ ಇಲ್ಲದ ಕಾರಣ ಚಪ್ಪರದಡಿಯಲ್ಲೇ ನಡೆಯಿತು. ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರೇ ದಿವಾನರಾದರು. ಯಜಮಾನ ಬದಲಾದರೂ ಕುರ್ಚಿ ಬಿಡಲಿಲ್ಲ ಅಂತ ಅವರನ್ನು ಬೈಯುವವರು ಇವತ್ತಿಗೂ ಇದ್ದಾರೆ. ಆ ಟೀಕೆಯನ್ನು ತಳ್ಳಿಹಾಕೋಕೆ ಆಗಲ್ಲ. ಆದರೆ ಅವರು ಮೊದಲು ಮಾಡಿದ ಕೆಲಸವನ್ನೂ ನೋಡಬೇಕು. ಹಳೇ ಕಂದಾಯ ಬಾಕಿಯನ್ನೆಲ್ಲ ಮನ್ನಾ ಮಾಡಿದರು. ಕೆರೆ, ಕಾಲುವೆಗಳ ದುರಸ್ತಿ ಶುರುವಾಯಿತು. ಸುತ್ತಲಿನ ಸೀಮೆ ಯುದ್ಧದಿಂದ ಬಳಲಿತ್ತು. ನಾಗಮಂಗಲವಂತೂ 1792ರಲ್ಲಿ ಮರಾಠಾ ಸೈನ್ಯದಿಂದ ಹಾಳಾಗಿತ್ತು. ಬಾಕಿಗೆ ಹೆದರಿ ಊರು ಬಿಟ್ಟ ರೈತ ವಾಪಸ್ ಬರಬೇಕಾದರೆ ಅವನಿಗೆ ಮನೆಗಿಂತ ಮೊದಲು ಬೇಕಾದದ್ದು ಸಾಲದ ಭಯ ಇಲ್ಲದ ಹೊಲ ಮತ್ತು ನೀರು.

ಮೈಸೂರಿನಲ್ಲಿ ಕೋಟೆ ಮತ್ತೆ ಎದ್ದಿತು. ನಜರ್‌ಬಾದ್‌ಗೆ ಹೋಗಿದ್ದ ಕಲ್ಲುಗಳೇ ವಾಪಸ್ ಬಂದವು! ಕಾವೇರಿ ನೀರನ್ನು ಮೈಸೂರಿಗೆ ತರೋಕೆ ಪೂರ್ಣಯ್ಯ ಒಂದು ನಾಲೆಯನ್ನೂ ತೋಡಿಸಿದರು. ಆ ಯೋಜನೆ ಪೂರ್ತಿಯಾಗಲಿಲ್ಲ. ಪೂರ್ಣಯ್ಯ ನಾಲೆ ಅನ್ನೋ ಹೆಸರು ಮಾತ್ರ ಉಳಿಯಿತು.

ಇತ್ತ ಶ್ರೀರಂಗಪಟ್ಟಣದ ದ್ವೀಪ ಒಪ್ಪಂದದ ಪ್ರಕಾರ ಕಂಪನಿಯ ಪಾಲಾಗಿತ್ತು. ಹಾಗಾಗಿ ಅಲ್ಲಿನ ಊರನ್ನು ಮತ್ತೆ ಕಟ್ಟುವ ಅಧಿಕಾರ ದಿವಾನರಿಗೆ ಇರಲಿಲ್ಲ. ಆದರೂ ಅವರ ಆಡಳಿತದಲ್ಲಿ ಅಲ್ಲಿ ವೆಲ್ಲೆಸ್ಲಿ ಸೇತುವೆ ಕಟ್ಟಲಾಯಿತು, 1804ರಲ್ಲಿ ಮುಗಿಯಿತು. ಸಿವಿಲ್‌ನವರು ಇದನ್ನು ಒಮ್ಮೆ ನೋಡಲೇಬೇಕು. ಕಮಾನು ಇಲ್ಲ, ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನದೇ ತೊಲೆ. ಕಲ್ಲು ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಅದಕ್ಕೇ ಕಂಬಗಳು ಅಷ್ಟು ಹತ್ತಿರ ಹತ್ತಿರ. 1924ರ ಮಹಾ ಪ್ರವಾಹವನ್ನೂ ದಾಟಿ ಅದು ನಿಂತಿದೆ.

ಕೊನೆಯ ದಿನಗಳು

1807ರಲ್ಲಿ ಪೂರ್ಣಯ್ಯನವರಿಗೆ ಯಳಂದೂರು ಜಹಗೀರು ಸಿಕ್ಕಿತು. 1811ರಲ್ಲಿ ಅಧಿಕಾರವನ್ನು ಮಹಾರಾಜರಿಗೆ ಒಪ್ಪಿಸಿ ಶ್ರೀರಂಗಪಟ್ಟಣಕ್ಕೆ ಮರಳಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜ್ವರದ ಕಾಟ ತಡೆಯಲಾರದೆ ಬ್ರಿಟಿಷರು ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು. ಊರಿಗೆ ಉಳಿದಿದ್ದ ದುಡಿಮೆಯೂ ಅವರ ಜೊತೆ ಹೋಯಿತು. 1812ರ ಮಾರ್ಚ್‌ನಲ್ಲಿ ಪೂರ್ಣಯ್ಯ ಅಲ್ಲೇ ತೀರಿಕೊಂಡರು.

ನಮ್ಮ ದೇಶದಲ್ಲಿ 2007ರ ನಗರ ವಸತಿ ನೀತಿ ಬಂತು, 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು. ಎಷ್ಟು ಮನೆ ಕಟ್ಟಿದೆವು ಅಂತ ಎಣಿಸ್ತೀವಿ. ಬುಕಾನನ್ ಕೂಡ ಮನೆಗಳನ್ನೇ ಎಣಿಸಿದ್ದು, ಆದರೆ ಅವನ ಪುಸ್ತಕದಲ್ಲಿ ಕಾಣೋದು ಹೊರಟುಹೋದ ಜನ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಓದೋಕೆ, ದುಡಿಯೋಕೆ ಬೆಂಗಳೂರಿಗೆ ಬಂದು ಪಿಜಿ ಬಾಡಿಗೆಗೆ ಒದ್ದಾಡ್ತಿರೋರು ನಮ್ಮ ನಡುವೆಯೇ ಇದ್ದಾರೆ. ಅವರ ಊರಿನ ಮನೆಗೆ ಬೀಗ ಬಿದ್ದಿರಬಹುದು. ನಾಳೆ ನಮ್ಮಲ್ಲಿ ಯಾರಾದರೂ ಬಡಾವಣೆಯ ನಕ್ಷೆ ಬರೆಯುವಾಗ, ಸೈಟಿನ ಅಳತೆಗೆ ಮುಂಚೆ ಅಲ್ಲಿಗೆ ನೀರು ಎಲ್ಲಿಂದ, ದುಡಿಮೆ ಎಲ್ಲಿಂದ ಅಂತ ಕೇಳಿಕೊಂಡರೆ ಒಳ್ಳೇದು.