ಚೆಂಡು ಬ್ಯಾಟಿಗೆ ಸಿಗ್ತಿತ್ತು, ದೂರ ಹೋಗ್ತಿರಲಿಲ್ಲ

ಐಪಿಎಲ್ ಶುರುವಾಯ್ತು ಅಂದ್ರೆ ನಮ್ಮ ಹಾಸ್ಟೆಲಿನ ಟಿವಿ ರೂಮಿನಲ್ಲಿ ಎಲ್ಲರೂ ಕೋಚ್‌ಗಳೇ. ಚೆನ್ನಾಗಿ ಆಡ್ತಿದ್ದ ಬ್ಯಾಟ್ಸ್‌ಮನ್ ನಾಲ್ಕು ಮ್ಯಾಚಲ್ಲಿ ಬೇಗ ಔಟಾದರೆ ಸಾಕು, ಕಾರಣಗಳು ರೆಡಿ: ದುಡ್ಡು ಜಾಸ್ತಿ ಆಯ್ತು, ಮದುವೆ ಆಯ್ತು, ವಯಸ್ಸಾಯ್ತು, ಜಾಹೀರಾತು ಮಾಡ್ಕೊಂಡು ಕೂತಿದಾನೆ. ನಾವೂ ಇಂಥ ಮಾತು ಆಡಿದವರೇ. ಹಾಗಾಗಿ ಈ ಸಲ ಲೂ ಗೆರಿಗ್ ಬಗ್ಗೆ ಬರೆಯೋಣ ಅನ್ನಿಸಿತು. ಅಮೆರಿಕದ ಬೇಸ್‌ಬಾಲ್ ಆಟಗಾರ. ನಮ್ಮ ಹಾಗೇ ಎಂಜಿನಿಯರಿಂಗ್ ಸೇರಿದವನು. ಮುಗಿಸಲಿಲ್ಲ, ಅದು ಬೇರೆ ಮಾತು.

ಗೆರಿಗ್ ಹುಟ್ಟಿದ್ದು 1903ರ ಜೂನ್ 19ರಂದು, ನ್ಯೂಯಾರ್ಕಿನಲ್ಲಿ. ಅಪ್ಪ ಅಮ್ಮ ಜರ್ಮನಿಯಿಂದ ವಲಸೆ ಬಂದವರು. ನಾಲ್ಕು ಮಕ್ಕಳಲ್ಲಿ ಉಳಿದವನು ಇವನೊಬ್ಬನೇ. ಅಪ್ಪ ಶೀಟ್ ಮೆಟಲ್ ಕೆಲಸದವನು, ಆದರೆ ಕೆಲಸಕ್ಕಿಂತ ಕಾಯಿಲೆಯೇ ಜಾಸ್ತಿ. ಮನೆ ನಡೆಸಿದ್ದು ಅಮ್ಮ ಕ್ರಿಸ್ಟಿನಾ, ಬೇರೆಯವರ ಮನೆಯಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು. ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗರು ಇರುತ್ತಿದ್ದ ಒಂದು ಮನೆಯಲ್ಲೂ ಆಕೆ ಅಡುಗೆಯವಳಾಗಿದ್ದಳು. ಲೂ ಅಲ್ಲಿ ಬಡಿಸಲು ನಿಲ್ಲುತ್ತಿದ್ದ. ಮಗ ಎಂಜಿನಿಯರ್ ಆಗಬೇಕು ಅನ್ನೋದು ಆಕೆಯ ಆಸೆ. ನಮ್ಮಲ್ಲಿ ಎಷ್ಟು ಮನೆಗಳ ಕತೆ ಇದು, ಅಲ್ವಾ?

1921ರಲ್ಲಿ ಅದೇ ಕೊಲಂಬಿಯಾಕ್ಕೆ ಎಂಜಿನಿಯರಿಂಗ್ ಓದಲು ಸೇರಿದ. ಸೀಟು ಸಿಕ್ಕಿದ್ದು ಫುಟ್‌ಬಾಲ್ ಸ್ಕಾಲರ್‌ಶಿಪ್‌ನಲ್ಲಿ. ಅವರ ಫುಟ್‌ಬಾಲ್ ಅಂದ್ರೆ ಗೊತ್ತಲ್ಲ, ಕೈಯಲ್ಲಿ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಆಟ. ತರಗತಿ ಶುರುವಾಗುವ ಮೊದಲೇ ಹೆನ್ರಿ ಲೂಯಿಸ್ ಅನ್ನೋ ಸುಳ್ಳು ಹೆಸರಲ್ಲಿ ದುಡ್ಡಿಗೆ ಬೇಸ್‌ಬಾಲ್ ಆಡಿ ಸಿಕ್ಕಿಬಿದ್ದ, ಮೊದಲ ವರ್ಷ ಕಾಲೇಜು ಆಟಗಳಿಂದ ಹೊರಗಿಟ್ಟರು. ಆಮೇಲೆ 1923ರ ಏಪ್ರಿಲ್ 18ರಂದು ಚೆಂಡೆಸೆಯಲು ನಿಂತು ಒಂದೇ ಪಂದ್ಯದಲ್ಲಿ 17 ಸಲ ಎದುರಾಳಿ ಬ್ಯಾಟರ್‌ಗಳನ್ನು ಔಟ್ ಮಾಡಿದ. ಕೊಲಂಬಿಯಾ ಸೋತಿತು ಅನ್ನೋದು ತಮಾಷೆ. ಆ ತಿಂಗಳಲ್ಲೇ ನ್ಯೂಯಾರ್ಕ್ ಯಾಂಕೀಸ್ ತಂಡ 1,500 ಡಾಲರ್ ಮುಂಗಡ ಕೊಟ್ಟು ಸಹಿ ಹಾಕಿಸಿಕೊಂಡಿತು. ಮನೆಯಲ್ಲಿ ಕಾಯಿಲೆ, ಸಾಲ. ಓದು ಅಲ್ಲಿಗೇ ನಿಂತಿತು. ಅಮ್ಮನಿಗೆ ಅದನ್ನು ನುಂಗಿಕೊಳ್ಳಲು ತುಂಬ ದಿನ ಬೇಕಾಯ್ತು.

1925ರ ಜೂನ್ 1ರಂದು ಬದಲಿ ಬ್ಯಾಟರ್ ಆಗಿ ಇಳಿದ. ಮರುದಿನ ಮೊದಲ ಬೇಸ್ ಕಾಯುತ್ತಿದ್ದ ವಾಲಿ ಪಿಪ್ ಜಾಗಕ್ಕೆ ಬಂದ. ಪಿಪ್‌ಗೆ ಅವತ್ತು ತಲೆನೋವು ಅಂತ ಕತೆ, ತಂಡ ಸೋಲ್ತಿತ್ತು ಅದಕ್ಕೇ ಬದಲಾಯಿಸಿದರು ಅಂತ ಇನ್ನೊಂದು ಕತೆ. ಅಲ್ಲಿಂದ ಮುಂದೆ ಗೆರಿಗ್ ಒಂದೇ ಒಂದು ಪಂದ್ಯ ಬಿಡಲಿಲ್ಲ. 14 ವರ್ಷ, ಸತತ 2,130 ಪಂದ್ಯ. ನಾವು 85% ಅಟೆಂಡೆನ್ಸ್‌ಗೆ ಒದ್ದಾಡ್ತೀವಿ. ಮುಂದೆ ಎಕ್ಸ್-ರೇ ತೆಗೆದಾಗ ಆತನ ಎರಡು ಕೈಗಳಲ್ಲಿ ಮುರಿದು ತಾನಾಗೇ ಕೂಡಿಕೊಂಡ 17 ಗುರುತುಗಳು ಕಂಡವಂತೆ. ಪೂರ್ತಿ ಸಾಚಾ ಲೆಕ್ಕ ಅಂತಲೂ ಅಲ್ಲ ಬಿಡಿ: 1934ರಲ್ಲಿ ಸೊಂಟ ಹಿಡಿದುಕೊಂಡಾಗ ಒಂದು ಸಲ ಬ್ಯಾಟ್ ಮಾಡಿ ಹೊರಗೆ ಹೋಗಿದ್ದೂ ಉಂಟು. ಹಾಜರಿ ಹಾಕಿ ಹಿಂದಿನ ಬಾಗಿಲಿಂದ ಜಾರಿಕೊಳ್ಳೋ ನಮ್ಮ ವಿದ್ಯೆಯೇ.

ಆದರೆ ಆಟ ಮಾತ್ರ ಸುಳ್ಳಲ್ಲ. 1927ರಲ್ಲಿ ಬೇಬ್ ರೂತ್ 60 ಹೋಮ್ ರನ್ ಹೊಡೆದಾಗ ಅದೇ ತಂಡದಲ್ಲಿ ಇವನದು 47. ಹೋಮ್ ರನ್ ಅಂದ್ರೆ ಹೆಚ್ಚುಕಡಿಮೆ ನಮ್ಮ ಸಿಕ್ಸರ್. 1932ರಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು. 1934ರಲ್ಲಿ ಸರಾಸರಿ, ಹೋಮ್ ರನ್, ತಂಡಕ್ಕೆ ತಂದುಕೊಟ್ಟ ರನ್ ಮೂರರಲ್ಲೂ ತನ್ನ ಲೀಗ್‌ಗೇ ಮೊದಲು. ರೂತ್ ಮಾತುಗಾರ, ಮೋಜುಗಾರ. ಇವನು ಆಟ ಮುಗಿದರೆ ಅಮ್ಮನ ಮನೆ ಊಟಕ್ಕೆ ಓಡುವವನು. 1933ರಲ್ಲಿ ಎಲೀನರ್ ಜೊತೆ ಮದುವೆಯಾಯಿತು.

1937ರಲ್ಲಿ ಸರಾಸರಿ .351, ಅಂದ್ರೆ ನೂರಕ್ಕೆ 35 ಸಲ ಹೊಡೆತ ಯಶಸ್ವಿ, ಹೋಮ್ ರನ್ 37. 1938ರಲ್ಲಿ ಅದು .295ಕ್ಕೂ 29ಕ್ಕೂ ಇಳಿಯಿತು. ಬೇರೆಯವನಾಗಿದ್ದರೆ ಒಳ್ಳೇ ವರ್ಷ ಅಂತ ಪಾರ್ಟಿ ಕೊಡುತ್ತಿದ್ದ. ಗೆರಿಗ್‌ಗೆ ಅದು ಕುಸಿತ. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ನಾಲ್ಕೇ ಹೊಡೆತ, ನಾಲ್ಕೂ ಒಂದೊಂದು ಬೇಸ್‌ನವು. ವಯಸ್ಸು 35 ದಾಟಿತ್ತು, ಅಷ್ಟು ಪಂದ್ಯ ಆಡಿ ದಣಿದಿದಾನೆ ಅಂದರು. ಮುಂದಿನ ವರ್ಷದ ಸಂಬಳವನ್ನು 39 ಸಾವಿರ ಡಾಲರ್‌ನಿಂದ 36 ಸಾವಿರಕ್ಕೆ ಇಳಿಸಿದರು. ಆ ಚಳಿಗಾಲದಲ್ಲಿ ಎಲೀನರ್ ಜೊತೆ ಐಸ್ ಸ್ಕೇಟಿಂಗ್‌ಗೆ ಹೋದಾಗ ಮತ್ತೆ ಮತ್ತೆ ಬೀಳತೊಡಗಿದ. ತೋರಿಸಿದ ವೈದ್ಯರು ಪಿತ್ತಕೋಶದ ತೊಂದರೆ ಅಂತ ಹೇಳಿ ಸಪ್ಪೆ ಊಟ ಬರೆದುಕೊಟ್ಟರು.

ಕಳೆದ ಸೆಮ್‌ನಲ್ಲಿ ನಮ್ಮ ಬ್ಯಾಚಿನ ಟಾಪರ್ ಒಬ್ಬನಿಗೆ ಎರಡು ಬ್ಯಾಕ್ ಬಂದಾಗ ನಾವು ಮೆಸ್ಸಿನಲ್ಲಿ ಕೂತು ಹೇಳಿದ ಕಾರಣಗಳೂ ಇದೇ ಜಾತಿಯವು. ಅವನ ಮನೆಯಲ್ಲಿ ಏನಾಗಿತ್ತು ಅಂತ ಗೊತ್ತಾದದ್ದು ಆಮೇಲೆ.

1939ರ ತರಬೇತಿ ಶಿಬಿರದಲ್ಲಿ ಗೆರಿಗ್ ಬೇರೆಯವರಿಗಿಂತ ಹೆಚ್ಚು ಬೆವರು ಸುರಿಸಿದ. ಓಡಿದಷ್ಟೂ ನಿಧಾನವಾದ. ಜೇಮ್ಸ್ ಕಾನ್ ಎಂಬ ವರದಿಗಾರ ಮಾತ್ರ ಒಂದು ವಿಚಿತ್ರ ಗಮನಿಸಿದ. ಫಾರ್ಮ್ ಹೋದವನಿಗೆ ಟೈಮಿಂಗ್ ತಪ್ಪುತ್ತೆ, ಚೆಂಡು ಬ್ಯಾಟಿನ ಅಂಚಿಗೆ ತಾಗುತ್ತೆ. ಇವನದು ಹಾಗಲ್ಲ. ಚೆಂಡು ಬ್ಯಾಟಿನ ಸರಿಯಾದ ಜಾಗಕ್ಕೇ ಬಂದು ಬಡಿಯುತ್ತಿತ್ತು, ಆದರೂ ದೂರ ಹೋಗುತ್ತಿರಲಿಲ್ಲ. ಇದು ವಯಸ್ಸಲ್ಲ, ದೇಹದಲ್ಲೇ ಏನೋ ಕೆಟ್ಟಿದೆ ಅಂತ ಕಾನ್ ಬರೆದ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದಕ್ಕಿಂತ ಒಳ್ಳೇ ಟ್ರಬಲ್‌ಶೂಟಿಂಗ್ ಇಲ್ಲ. ಬೇಸ್‌ಬಾಲ್‌ನಲ್ಲಿ ಚೆಂಡು 18.44 ಮೀಟರ್ ದೂರದಿಂದ ಅರ್ಧ ಸೆಕೆಂಡಿನೊಳಗೆ ಬಂದುಬಿಡುತ್ತೆ. ಅದನ್ನು ಸರಿಯಾಗಿ ಮುಟ್ಟಬೇಕಾದರೆ ಕಣ್ಣು, ಲೆಕ್ಕಾಚಾರ ಎಲ್ಲ ಸರಿ ಇರಲೇಬೇಕು. ಸೆನ್ಸರ್ ಸರಿ, ಕಂಟ್ರೋಲರ್ ಸರಿ, ಮೋಟರ್‌ಗೆ ಹೋಗೋ ವೈರು ಮಾತ್ರ ಒಂದೊಂದೇ ಎಳೆ ಕಿತ್ತು ಹೋಗ್ತಿದೆ. ಹೊರಗಿಂದ ನೋಡುವವರಿಗೆ ಕಾಣೋದು ಔಟ್‌ಪುಟ್ ಮಾತ್ರ.

ಋತುವಿನ ಮೊದಲ ಎಂಟು ಪಂದ್ಯಗಳಲ್ಲಿ 28 ಸಲಕ್ಕೆ ನಾಲ್ಕು ಹೊಡೆತ, ಸರಾಸರಿ .143. ಏಪ್ರಿಲ್ 30ರಂದು ವಾಷಿಂಗ್ಟನ್ ವಿರುದ್ಧದ ಪಂದ್ಯದಲ್ಲಿ ಒಂದು ಸಾಧಾರಣ ಔಟ್ ಮಾಡಿದ್ದಕ್ಕೆ ಜೊತೆಯವರು ಬಂದು ಶಹಬ್ಬಾಸ್ ಹೇಳಿದರು. ಕನಿಕರದಿಂದ ಹೇಳಿದ್ದು ಅಂತ ಆತನಿಗೆ ತಿಳಿಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಮ್ಯಾನೇಜರ್ ಜೋ ಮೆಕಾರ್ಥಿ ಹತ್ತಿರ ಹೋಗಿ ತನ್ನನ್ನು ಕೂರಿಸಿಬಿಡಿ ಅಂದ. ಮೆಕಾರ್ಥಿ ಆ ತೀರ್ಮಾನವನ್ನು ಆತನಿಗೇ ಬಿಟ್ಟಿದ್ದರು. ಅವತ್ತು ಗೆರಿಗ್ ಇಲ್ಲದೆ ಯಾಂಕೀಸ್ 22-2ರಿಂದ ಗೆದ್ದಿತು.

ಜೂನ್‌ನಲ್ಲಿ ಮಿನೆಸೋಟಾದ ಮೇಯೋ ಕ್ಲಿನಿಕ್‌ಗೆ ಹೋದ. ಆರು ದಿನದ ಪರೀಕ್ಷೆ ಮುಗಿದು ಉತ್ತರ ಸಿಕ್ಕಿದ್ದು ಜೂನ್ 19ಕ್ಕೆ, 36ನೇ ಹುಟ್ಟುಹಬ್ಬದ ದಿನ: ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್, ಎಎಲ್‌ಎಸ್. ಸ್ಟೀಫನ್ ಹಾಕಿಂಗ್ ಅವರಿಗೆ ಬಂದದ್ದೂ ಇದೇ ಗುಂಪಿನ ಕಾಯಿಲೆ. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಆಜ್ಞೆ ಬರದ ಸ್ನಾಯು ಸೊರಗುತ್ತೆ. ಗೆರಿಗ್ 1938ರ ಜನವರಿಯಲ್ಲಿ ರಾಹೈಡ್ ಎಂಬ ಕೌಬಾಯ್ ಸಿನಿಮಾದಲ್ಲಿ ನಟಿಸಿದ್ದ. ಎಷ್ಟೋ ದಶಕಗಳ ನಂತರ ನರರೋಗ ತಜ್ಞರು ಆ ಚಿತ್ರದಲ್ಲಿ ಆತನ ಕೈಕಾಲಿನ ಚಲನೆ ಪರಿಶೀಲಿಸಿದಾಗ ಎಲ್ಲ ಸರಿಯಾಗೇ ಇತ್ತು. ಅಂದರೆ ಆ ಜನವರಿಯಲ್ಲಿ ಗಟ್ಟಿಯಾಗಿದ್ದವನು ಮುಂದಿನ ವರ್ಷದ ಮೇ ಹೊತ್ತಿಗೆ ಮೈದಾನದಿಂದ ಹೊರಗೆ.

ಕಾಯಿಲೆ ಯಾಕೆ ಬಂತು? ಆಗ ಹೆಲ್ಮೆಟ್ ಇರಲಿಲ್ಲ, ಗೆರಿಗ್ ತಲೆಗೆ ಹಲವು ಸಲ ಪೆಟ್ಟು ತಿಂದಿದ್ದ. 1934ರಲ್ಲಿ ನಾರ್ಫೋಕ್‌ನ ಪ್ರದರ್ಶನ ಪಂದ್ಯದಲ್ಲಿ ಚೆಂಡು ತಲೆಗೆ ಬಡಿದು ಪ್ರಜ್ಞೆ ತಪ್ಪಿ ಬಿದ್ದಿದ್ದ. ಕಾಲೇಜಿನ ಫುಟ್‌ಬಾಲ್ ಬೇರೆ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಆಟಗಾರರಲ್ಲಿ ಎಎಲ್‌ಎಸ್ ಸಾಮಾನ್ಯರಿಗಿಂತ ಸುಮಾರು ನಾಲ್ಕು ಪಟ್ಟು ಎಂದು 2021ರ ಒಂದು ಅಧ್ಯಯನ ತೋರಿಸಿತು. ಅಲ್ಲಿನ ಹೆಸರಾಂತ ರಿಸೀವರ್ ಡ್ವೈಟ್ ಕ್ಲಾರ್ಕ್ 2018ರಲ್ಲಿ ತೀರಿಕೊಂಡದ್ದೂ ಇದರಿಂದಲೇ. ಗೆರಿಗ್ ವಿಷಯದಲ್ಲಿ ಇದನ್ನು ಪರೀಕ್ಷಿಸಿ ನೋಡುವ ದಾರಿಯಿಲ್ಲ. ದೇಹವನ್ನು ದಹನ ಮಾಡಿದ್ದರು.

1939ರ ಜುಲೈ 4ರಂದು ಯಾಂಕೀ ಸ್ಟೇಡಿಯಂನಲ್ಲಿ ಬೀಳ್ಕೊಡುಗೆ ನಡೆದಾಗ 61,808 ಜನ ಸೇರಿದ್ದರು. ಮೈಕ್ ಮುಂದೆ ನಿಂತು ಜೊತೆಯವರಿಗೆ, ಮೈದಾನ ನೋಡಿಕೊಳ್ಳುವವರಿಗೆ, ಅಪ್ಪ ಅಮ್ಮನಿಗೆ, ಅತ್ತೆಗೆ ಕೂಡ ಕೃತಜ್ಞತೆ ಹೇಳಿದ. ತನ್ನನ್ನು ಅದೃಷ್ಟವಂತ ಅಂತ ಕರೆದುಕೊಂಡ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಬೇಬ್ ರೂತ್ ಬಂದು ತಬ್ಬಿಕೊಂಡ. ಆತನ 4ನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಯಾಂಕೀಸ್ ತೀರ್ಮಾನಿಸಿತು. ಬೇಸ್‌ಬಾಲ್‌ನಲ್ಲಿ ಹಾಗಾದದ್ದು ಅದೇ ಮೊದಲು.

ನಮಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಆಮೇಲಿನ ಭಾಗ. ದೊಡ್ಡ ದುಡ್ಡಿನ ಕರೆಗಳು ಬಂದರೂ ಬಿಟ್ಟು, ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ಕೊಟ್ಟ ಪೆರೋಲ್ ಆಯೋಗದ ಕೆಲಸ ಒಪ್ಪಿಕೊಂಡ. ಸಂಬಳ ವರ್ಷಕ್ಕೆ 5,700 ಡಾಲರ್. ಯಾವ ಕೈದಿಯನ್ನು ಬಿಡಬೇಕು, ಯಾರನ್ನು ಬಿಡಬಾರದು ಅಂತ ಫೈಲು ಓದಿ ಹೇಳುವ ಕೆಲಸ. ಪ್ರಚಾರ ಬೇಡ ಅಂದ. 1940 ಪೂರ್ತಿ ಹೋಗಿ ಬಂದ. ಬೆರಳು ಪೆನ್ನು ಹಿಡಿಯದಾದಾಗ ಎಲೀನರ್ ಪಕ್ಕದಲ್ಲಿ ನಿಂತು ಆತನ ಕೈ ಹಿಡಿದು ಸಹಿ ಮಾಡಿಸುತ್ತಿದ್ದಳು.

1941ರ ಜೂನ್ 2ರಂದು ಬ್ರಾಂಕ್ಸ್‌ನ ಮನೆಯಲ್ಲಿ ತೀರಿಕೊಂಡ. ವಯಸ್ಸು 37. ಪಿಪ್ ಜಾಗಕ್ಕೆ ಬಂದು ಅಂದಿಗೆ ಸರಿಯಾಗಿ 16 ವರ್ಷ. ಎಲೀನರ್ 1984ರವರೆಗೆ ಬದುಕಿದ್ದಳು, ಮತ್ತೆ ಮದುವೆಯಾಗಲಿಲ್ಲ.