ಸುಣ್ಣಕಟ್ಟು ರೋಗದ ಗುಟ್ಟು ಹಿಡಿದ ಆಗೊಸ್ಟಿನೊ ಬಾಸಿ

ಲಾಸ್ ಗ್ಯಾಟೋಸ್ ಒಂದು ಕಾಲಕ್ಕೆ ಏಪ್ರಿಕಾಟ್, ಪ್ರೂನ್ ತೋಟಗಳ ಊರು. ಈಗಲೂ ಇಲ್ಲಿ ಹಿತ್ತಲಲ್ಲಿ ಗಿಡ ಬೆಳೆಸೋರು ಬಹಳ. ಬಿಳಿನೊಣ, ಸಸ್ಯಹೇನು ಕೊಲ್ಲೋ ಔಷಧಿ ಬಾಟಲಿಗಳನ್ನು ತಿರುಗಿಸಿ ಓದಿದರೆ ಕೆಲವದರ ಮೇಲೆ ಬ್ಯೂವೇರಿಯಾ ಬಾಸಿಯಾನಾ ಅಂತ ಇರುತ್ತೆ. ಅದು ಜೀವಂತ ಶಿಲೀಂಧ್ರ. ಆ ಹೆಸರಿನೊಳಗಿರುವ ಬಾಸಿ ಯಾರು ಗೊತ್ತಾ? ನಮ್ಮ ರಾಮನಗರ, ಶಿಡ್ಲಘಟ್ಟದ ಹುಳುಮನೆಗಳಿಗೂ ಅವರಿಗೂ ನಂಟಿದೆ.

ಆಗೊಸ್ಟಿನೊ ಬಾಸಿ ಹುಟ್ಟಿದ್ದು 1773ರಲ್ಲಿ, ಇಟಲಿಯ ಲೋಡಿ ಪಟ್ಟಣದ ಹತ್ತಿರ. ಪಾವಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಕಾನೂನು, ಮನಸ್ಸಿದ್ದದ್ದು ವಿಜ್ಞಾನದ ಪಾಠಗಳಲ್ಲಿ. ಸರ್ಕಾರಿ ಕೆಲಸವೂ ಸಿಕ್ಕಿತು, ಆದರೆ ಕಣ್ಣಿನ ತೊಂದರೆಯಿಂದ ಅದನ್ನು ಬಿಟ್ಟು ಜಮೀನಿಗೆ ಮರಳಿದರು.

ಆಗ ಅಲ್ಲಿ ರೇಷ್ಮೆ ಹುಳುಗಳು ಸತ್ತು, ಗಟ್ಟಿಯಾಗಿ, ಮೈಮೇಲೆ ಬಿಳಿ ಪುಡಿ ಮೆತ್ತಿಕೊಳ್ಳುತ್ತಿದ್ದವು. ನಮ್ಮ ರೈತರು ಇದಕ್ಕೆ ಸುಣ್ಣಕಟ್ಟು ರೋಗ ಅಂತಾರೆ. ಇಟಲಿಯವರೂ ಸುಣ್ಣದ ಹೆಸರನ್ನೇ ಕೊಟ್ಟಿದ್ದರು! ರೋಗ ತಾನಾಗಿಯೇ ಹುಟ್ಟುತ್ತೆ ಅನ್ನೋದು ಆಗಿನ ನಂಬಿಕೆ. 1807ರಲ್ಲಿ ಕೆಲಸ ಶುರುಮಾಡಿದ ಬಾಸಿ ಕೂಡ ಹಾಗೇ ನಂಬಿ, ಹುಳುಗಳಿಗೆ ಏನೇನೋ ಕೊಟ್ಟು ರೋಗ ಬರಿಸಲು ನೋಡಿದರು. ವರ್ಷಗಟ್ಟಲೆ ಸೋತು ಕುಸಿದುಹೋದರು. ಮತ್ತೆ ಎದ್ದಾಗ ಅನುಮಾನ ಆ ಬಿಳಿ ಪುಡಿಯ ಮೇಲೇ ಬಿತ್ತು. ಅದನ್ನು ಒಳ್ಳೆಯ ಹುಳುವಿಗೆ ತಗುಲಿಸಿದರೆ ಅದೂ ಸತ್ತು ಬೆಳ್ಳಗಾಯಿತು. 1835ರಲ್ಲಿ ಪುಸ್ತಕ ಹೊರತಂದರು. ಪ್ರಾಣಿಗೆ ರೋಗ ತರೋದು ಒಂದು ಸೂಕ್ಷ್ಮಜೀವಿ ಅಂತ ತೋರಿಸಿದ್ದು, ಪಾಸ್ಚರ್, ಕಾಖ್ ಅವರಿಗಿಂತ ದಶಕಗಳ ಮೊದಲು. ರೋಗದ ಹುಳು ತೆಗೆದು ನಾಶಮಾಡಿ, ಮನೆ, ಸಲಕರಣೆ ಶುದ್ಧವಾಗಿಡಿ ಅನ್ನೋ ಅವರ ಸಲಹೆ ಇಂದಿಗೂ ನಮ್ಮ ಹುಳುಮನೆಗಳಲ್ಲಿ ನಡೆಯುತ್ತೆ.

ಶಿಲೀಂಧ್ರದ ಬೀಜಕಣ ಕೀಟದ ಚರ್ಮ ಕೊರೆದು ಒಳಹೋಗಿ ರಕ್ತದಲ್ಲಿ ಬೆಳೆಯುತ್ತೆ. ಅಲ್ಲಿ ಬ್ಯೂವೆರಿಸಿನ್‌ನಂಥ ವಿಷ ಬಿಡುತ್ತೆ. ಅದು ಜೀವಕೋಶದ ಪೊರೆಯಲ್ಲಿ ಲವಣಗಳ ಲೆಕ್ಕ ತಪ್ಪಿಸುತ್ತೆ. ಊಸ್ಪೊರೀನ್ ಅನ್ನೋ ಇನ್ನೊಂದು ವಸ್ತು ಕೀಟದ ರೋಗನಿರೋಧಕ ಶಕ್ತಿ ಕುಗ್ಗಿಸುತ್ತೆ. ಇದೆಲ್ಲ ತಿಳಿದದ್ದು ಬಾಸಿ ಕಾಲವಾದ ಎಷ್ಟೋ ವರ್ಷಗಳ ಮೇಲೆ. ದೃಷ್ಟಿ ಬಹುತೇಕ ಕಳೆದುಕೊಂಡಿದ್ದ ಅವರು 1856ರಲ್ಲಿ ತೀರಿಕೊಂಡರು.

ಅವರು ಶತ್ರು ಅಂತ ಗುರುತಿಸಿದ ಶಿಲೀಂಧ್ರವನ್ನೇ ಇಂದು ಕೊಡಗಿನಲ್ಲಿ ಕಾಫಿ ಬೆರ್ರಿ ಬೋರರ್ ಮೇಲೆ ಸಿಂಪಡಿಸ್ತಾರೆ. ಆದರೆ ಅದಕ್ಕೆ ಬೋರರ್ ಯಾವುದು, ರೇಷ್ಮೆ ಹುಳು ಯಾವುದು ಅನ್ನೋ ಭೇದವಿಲ್ಲ. ಊರಲ್ಲಿ ಹುಳು ಸಾಕೋ ನೆಂಟರಿದ್ದರೆ, ಹಿಪ್ಪುನೇರಳೆ ತೋಟದ ಪಕ್ಕ ಮಾತ್ರ ಇದನ್ನು ಹೊಡೆಯಬೇಡಿ ಅಂತ ಒಂದು ಫೋನ್ ಮಾಡಿ ಹೇಳಿ.