ಫ್ಯಾನನ್ ಕಂಡ ಬಣ್ಣದ ಲೆಕ್ಕಾಚಾರ

ನಾನು ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಫ್ರಾಂಟ್ಜ್ ಫ್ಯಾನನ್ ನನಗೆ ವಸಾಹತುಶಾಹಿಯ ಕಟು ವಿರೋಧಿಯಾಗಿ ಮಾತ್ರ ಪರಿಚಿತನಾಗಿದ್ದ. ಪ್ರೇಮ, ವಿವಾಹಗಳನ್ನು ಕುರಿತು ಆತ ಬರೆದುದನ್ನು ನಾನು ಓದಿದ್ದು ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ. ಆತನ ಬದುಕಿನ ತಿರುಳು ಅಲ್ಲಿಯೇ ಇದೆ ಎಂದು ಈಗ ಅನ್ನಿಸುತ್ತದೆ.

ಕೆರಿಬಿಯನ್ ಸಮುದ್ರದಲ್ಲಿರುವ, ಆಗ ಫ್ರೆಂಚ್ ವಸಾಹತಾಗಿದ್ದ ಮಾರ್ಟಿನಿಕ್ ದ್ವೀಪದಲ್ಲಿ ಫ್ಯಾನನ್ 1925ರಲ್ಲಿ ಜನಿಸಿದ. ಮೈಬಣ್ಣ ತಿಳಿಯಾದಷ್ಟೂ ಮರ್ಯಾದೆ ಹೆಚ್ಚುವ ಸಮಾಜವದು. ತಾನು ಫ್ರೆಂಚನೆಂದೇ ನಂಬಿ ಬೆಳೆದ ಆತ ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿ ಗಾಯಗೊಂಡ, ಶೌರ್ಯಪದಕವನ್ನೂ ಪಡೆದ. ಆದರೆ ಸೈನ್ಯದಲ್ಲಿಯೂ, ಅನಂತರ ವೈದ್ಯಶಿಕ್ಷಣಕ್ಕೆಂದು ಹೋದ ಲಿಯೋನ್ ನಗರದಲ್ಲಿಯೂ ಬಿಳಿಯರ ಕಣ್ಣಿಗೆ ಮೊದಲು ಬಿದ್ದದ್ದು ಆತನ ಚರ್ಮ.

ಈ ಅನುಭವದಿಂದ ಮೂಡಿದ ಬರಹ ವೈದ್ಯಪದವಿಯ ಪ್ರಬಂಧವಾಗಿ ಸ್ವೀಕೃತವಾಗಲಿಲ್ಲ. 1952ರಲ್ಲಿ ಅದು ‘ಕಪ್ಪು ಚರ್ಮ, ಬಿಳಿ ಮುಖವಾಡಗಳು’ ಎಂಬ ಅರ್ಥದ ಹೆಸರಿನಲ್ಲಿ ಪ್ರಕಟವಾಯಿತು. ಕರಿಯರು ಮತ್ತು ಬಿಳಿಯರ ನಡುವಣ ಪ್ರೇಮಕ್ಕೇ ಅದರಲ್ಲಿ ಎರಡು ಅಧ್ಯಾಯಗಳು ಮೀಸಲು. ಬಿಳಿಯ ಗಂಡನ ಮೂಲಕ ಮೇಲೇರಬಯಸುವ ಹೆಣ್ಣು, ಬಿಳಿಯ ಹೆಣ್ಣಿನ ಒಲವಿನಲ್ಲಿ ತನ್ನ ಯೋಗ್ಯತೆಯ ದೃಢೀಕರಣವನ್ನು ಹುಡುಕುವ ಗಂಡು, ಇಬ್ಬರಲ್ಲಿಯೂ ಆತ ಒಂದೇ ಗಾಯವನ್ನು ಕಂಡ. ಕೀಳರಿಮೆ ಮೊದಲು ಆರ್ಥಿಕ ಅಸಮಾನತೆಯಿಂದ ಹುಟ್ಟಿ, ಬಳಿಕ ಚರ್ಮದೊಳಗೆ ಇಳಿಯುತ್ತದೆ ಎಂಬುದು ಆತನ ನಿದಾನ. ಅದು ತೊಲಗದೆ ನಿಜವಾದ ಪ್ರೀತಿ ಸಾಧ್ಯವಿಲ್ಲವೆಂದು ಆತ ವಾದಿಸಿದ.

ಮಾರ್ಟಿನಿಕ್‌ನ ಲೇಖಕಿ ಮಯೋತ್ ಕಪೇಸಿಯಾಳ ಬಗೆಗೆ ಫ್ಯಾನನ್ ತೋರಿದ ನಿಷ್ಠುರತೆ, ಗಂಡಸಿನ ವಿಷಯದಲ್ಲಿ ತೋರಿದ ತಾಳ್ಮೆ ಸ್ತ್ರೀವಾದಿಗಳ ಟೀಕೆಗೆ ಗುರಿಯಾಗಿವೆ. ಆ ಟೀಕೆ ನ್ಯಾಯವಾದುದು. ಅದೇ 1952ರಲ್ಲಿ ಆತ ವರಿಸಿದ್ದು ಜೋಸಿ ದ್ಯುಬ್ಲೆ ಎಂಬ ಬಿಳಿಯ ಫ್ರೆಂಚ್ ತರುಣಿಯನ್ನು. ಆತ ಹೇಳುತ್ತ ಹೋದ ಪುಸ್ತಕವನ್ನು ಬರೆದುಕೊಂಡವಳೂ ಆಕೆಯೇ. ಇದನ್ನು ವಿರೋಧಾಭಾಸವೆನ್ನುವವರಿದ್ದಾರೆ. ಬಣ್ಣದ ಲೆಕ್ಕವನ್ನು ಬಯಲಿಗೆಳೆದವನಿಗೆ ಅದರಾಚೆಗೆ ಪ್ರೀತಿಸುವ ಹಕ್ಕೂ ಇತ್ತೆಂದು ನಾನು ಭಾವಿಸುತ್ತೇನೆ.

1953ರಲ್ಲಿ ಫ್ಯಾನನ್ ಅಲ್ಜೀರಿಯಾದ ಬ್ಲಿಡಾ ಮನೋರೋಗ ಚಿಕಿತ್ಸಾಲಯ ಸೇರಿದ. ಮರುವರ್ಷ ಸ್ವಾತಂತ್ರ್ಯ ಸಮರ ಸಿಡಿಯಿತು. ಚಿತ್ರಹಿಂಸೆಗೊಳಗಾದವರಿಗೂ, ಹಿಂಸೆ ಕೊಟ್ಟ ಪೊಲೀಸರಿಗೂ ಆತ ಚಿಕಿತ್ಸೆ ನೀಡಿದ. ಮನುಷ್ಯರನ್ನು ಹುಚ್ಚರಾಗಿಸುವ ವ್ಯವಸ್ಥೆಯ ನೌಕರನಾಗಿದ್ದುಕೊಂಡು ಹುಚ್ಚನ್ನು ವಾಸಿಮಾಡಲಾಗದೆಂದು ಅರಿತು, 1956ರಲ್ಲಿ ರಾಜೀನಾಮೆ ಸಲ್ಲಿಸಿ ವಿಮೋಚನಾ ರಂಗದ ಜೊತೆಗೂಡಿದ. ಅಲ್ಜೀರಿಯಾ ಸ್ವತಂತ್ರವಾಗುವುದಕ್ಕೆ ಕೆಲವೇ ತಿಂಗಳ ಮುನ್ನ, 1961ರ ಡಿಸೆಂಬರ್‌ನಲ್ಲಿ, ರಕ್ತದ ಕ್ಯಾನ್ಸರಿನಿಂದ ಅಮೆರಿಕದಲ್ಲಿ ಅಸುನೀಗಿದ. ಆಗ ಆತನಿಗೆ ಕೇವಲ ಮೂವತ್ತಾರು ವರ್ಷ.

ಸೇವಾವಧಿಯಲ್ಲಿ ಮನಸ್ಸು ಒಪ್ಪದ ಕಡತಗಳಿಗೂ ನಾನು ಸಹಿ ಹಾಕಿದ್ದುಂಟು. ಅದಕ್ಕಾಗಿಯೇ ಆ ರಾಜೀನಾಮೆ ನನ್ನನ್ನು ಕಾಡುತ್ತದೆ. ಅನ್ಯಾಯವನ್ನು ಆಳುವವರಲ್ಲಿ ಮಾತ್ರವಲ್ಲ, ತನ್ನ ಒಲವಿನಲ್ಲಿ ಮತ್ತು ತನ್ನ ಹುದ್ದೆಯಲ್ಲಿ ಕೂಡ ಹುಡುಕುವ ಧೈರ್ಯ ಫ್ಯಾನನ್‌ಗಿತ್ತು.